ಬೆಂಕಿಯಿಲ್ಲದ ಇಟ್ಟಿಗೆ: ಗೋಡೆಯ ಸಾಮಾನನ್ನು ನಾವೇ ಮಾಡಿಕೊಳ್ಳಬಹುದಾ?

ಬಾಡಿಗೆ ಏರಿದೆ, ಕರೆಂಟ್ ಬಿಲ್ ಏರಿದೆ, ದಿನಸಿ ಏರಿದೆ. ಇದರ ನಡುವೆ ಮನೆಗೆ ಒಂದು ಕೋಣೆ ಸೇರಿಸೋಣ, ಬಿದ್ದ ಗೋಡೆ ಎತ್ತೋಣ ಅಂತ ಲೆಕ್ಕ ಹಾಕಲು ಕೂತರೆ, ಇಟ್ಟಿಗೆ ಸಿಮೆಂಟಿನ ಸಾಲಿಗೆ ಬರುವಷ್ಟರಲ್ಲೇ ಪೆನ್ನು ಕೆಳಗಿಡಬೇಕು ಅನಿಸುತ್ತದೆ. ಆಗ ಬಹಳ ಜನರಿಗೆ ಬರುವ ಪ್ರಶ್ನೆ ಒಂದೇ: ಈ ಸಾಮಾನಿನಲ್ಲಿ ಒಂದಷ್ಟನ್ನಾದರೂ ನಾವೇ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ಎಲ್ಲವನ್ನೂ ಅಲ್ಲ. ಆದರೆ ಗೋಡೆಯ ಇಟ್ಟಿಗೆ, ಗಾರೆ, ಗಿಲಾವು, ಸುಣ್ಣ ಇವುಗಳಲ್ಲಿ ನಮ್ಮ ಕೈಗೆ ಎಟಕುವ ಭಾಗ ಸಾಕಷ್ಟಿದೆ. ಅದರಲ್ಲೂ ಸುಡದೆ, ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ. ಹಾಗಾಗಿ ಈ ಬರಹ ಹೆಚ್ಚಾಗಿ ಅದರ ಸುತ್ತಲೇ ಇದೆ.

ದುಡ್ಡು ಹೋಗುವುದು ಬೆಂಕಿಗೆ

ಇಟ್ಟಿಗೆಯ ಮೂಲ ಮಣ್ಣು. ಸಿಮೆಂಟಿನ ಮೂಲ ಸುಣ್ಣಕಲ್ಲು ಮತ್ತು ಜೇಡಿಮಣ್ಣು. ಎರಡೂ ಭೂಮಿಯಲ್ಲಿ ಧಾರಾಳವಾಗಿವೆ. ಹಾಗಿದ್ದ ಮೇಲೆ ಇಷ್ಟು ದುಬಾರಿ ಯಾಕೆ?

ಇಟ್ಟಿಗೆಯನ್ನು ಗೂಡಿನಲ್ಲಿ ಸುಮಾರು 900ರಿಂದ 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಸಿಮೆಂಟಿನ ಕುಲುಮೆಯೊಳಗೆ ಕಲ್ಲು-ಮಣ್ಣಿನ ಪುಡಿ ಸುಮಾರು 1,450 ಡಿಗ್ರಿವರೆಗೆ ಕಾಯುತ್ತದೆ. ಆ ಬಿಸಿಗೆ ಕಲ್ಲಿದ್ದಲೋ, ಕಟ್ಟಿಗೆಯೋ, ಗ್ಯಾಸೋ ಬೇಕು. ಆಮೇಲೆ ಆ ಭಾರವನ್ನೆಲ್ಲ ಲಾರಿಯಲ್ಲಿ ಸಾಗಿಸಬೇಕು, ಅದಕ್ಕೆ ಡೀಸೆಲ್ ಬೇಕು. ಅಂದರೆ ನಾವು ಇಟ್ಟಿಗೆ ಕೊಳ್ಳುವಾಗ ಮಣ್ಣಿಗಿಂತ ಜಾಸ್ತಿ ಬೆಂಕಿಯನ್ನೂ ಸಾಗಾಟವನ್ನೂ ಕೊಳ್ಳುತ್ತಿರುತ್ತೇವೆ. ಇಂಧನ ಏರಿದರೆ ಇಟ್ಟಿಗೆ ಏರುವುದು ಇದಕ್ಕೇ.

ಮಣ್ಣನ್ನು ಸುಡುವುದಕ್ಕೂ ಕಾರಣವಿದೆ. ಒಣಗಿಸಿದ ಮಣ್ಣಿನ ಮುದ್ದೆಗೆ ನೀರು ಹಾಕಿದರೆ ಮತ್ತೆ ಕೆಸರು. ಆದರೆ 500-600 ಡಿಗ್ರಿ ದಾಟಿಸಿದರೆ ಜೇಡಿಯ ಕಣಗಳೊಳಗೆ ಬೆಸೆದುಕೊಂಡಿದ್ದ ನೀರೇ ಹೊರಟುಹೋಗುತ್ತದೆ. ಇನ್ನೂ ಕಾಯಿಸಿದರೆ ಕಣಗಳು ಒಂದಕ್ಕೊಂದು ಬೆಸೆಯುತ್ತವೆ. ಅಲ್ಲಿಂದ ಮುಂದೆ ಅದು ಮಣ್ಣಾಗಿ ಹಿಂದಿರುಗುವುದಿಲ್ಲ. ಸುಟ್ಟ ಮಡಕೆ ನೀರಿನಲ್ಲಿ ಕರಗುವುದಿಲ್ಲ ಅಲ್ವಾ, ಹಾಗೆ.

ಹಾಗಾದರೆ ಮನೆಯಲ್ಲೇ ಇಟ್ಟಿಗೆ ಮಾಡುವವರ ಮುಂದಿರುವ ಸವಾಲು ಇಷ್ಟೇ: ಬೆಂಕಿ ಮಾಡುವ ಆ ಕೆಲಸವನ್ನು ಬೇರೆ ಯಾವುದರಿಂದ ಮಾಡಿಸುವುದು? ಉತ್ತರದಲ್ಲಿ ಮೂರು ಸಂಗತಿಗಳಿವೆ. ಸರಿಯಾದ ಮಣ್ಣು, ಒತ್ತಡ, ಮತ್ತು ಕಾಯುವ ತಾಳ್ಮೆ. ಜೊತೆಗೆ ಒಂದು ಹಿಡಿ ಸಿಮೆಂಟ್ ಅಥವಾ ಸುಣ್ಣ.

ಮಣ್ಣಿನೊಳಗೆ ಯಾರ್ಯಾರಿದ್ದಾರೆ

ಕಣ್ಣಿಗೆ ಎಲ್ಲವೂ ಒಂದೇ ಮಣ್ಣು. ಆದರೆ ಅದರಲ್ಲಿ ಗಾತ್ರದಲ್ಲಿ ಬಹಳ ವ್ಯತ್ಯಾಸವಿರುವ ಕಣಗಳಿವೆ. 2 ಮಿಲಿಮೀಟರ್‌ಗಿಂತ ದೊಡ್ಡದು ಹರಳು, ಅಂದರೆ ಸಣ್ಣ ಜಲ್ಲಿ. ಅದಕ್ಕಿಂತ ಚಿಕ್ಕದು ಮರಳು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತಿರುವುದು ಹೂಳು. ಎಲ್ಲಕ್ಕಿಂತ ಸಣ್ಣದು ಜೇಡಿ, 0.002 ಮಿಲಿಮೀಟರ್‌ಗಿಂತಲೂ ಕಡಿಮೆ.

ಇವುಗಳಲ್ಲಿ ಅಂಟುವ ಗುಣವಿರುವುದು ಜೇಡಿಗೆ. ಜೇಡಿಯ ಕಣ ಉಂಡೆಯಾಗಿರುವುದಿಲ್ಲ, ತೆಳು ಹಾಳೆಯಂತಿರುತ್ತದೆ. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ ನೋಡಿ. ಎಳೆದರೆ ಬಿಡಿಸಿಕೊಳ್ಳುವುದಿಲ್ಲ, ಪಕ್ಕಕ್ಕೆ ಜಾರಿಸಬೇಕಾಗುತ್ತದೆ. ಜೇಡಿಯ ಹಾಳೆಗಳು ಒಂದಕ್ಕೊಂದು ಅಂಟುವುದು ಹೆಚ್ಚುಕಡಿಮೆ ಹೀಗೆ. ಮರಳಿಗೆ ಈ ಗುಣವಿಲ್ಲ. ಕಡಲ ದಂಡೆಯಲ್ಲಿ ಮಕ್ಕಳು ಕಟ್ಟಿದ ಮರಳಿನ ಗೂಡು ತೇವ ಇರುವ ತನಕ ನಿಲ್ಲುತ್ತದೆ, ಒಣಗಿದರೆ ಸುರಿದುಹೋಗುತ್ತದೆ.

ಹಾಗಂತ ಜೇಡಿಯೊಂದೇ ಇದ್ದರೂ ಆಗುವುದಿಲ್ಲ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೆರೆಯ ತಳ ಬಿರುಕು ಬಿಟ್ಟು ಚೂರು ಚೂರಾಗುವುದನ್ನು ನೋಡಿದ್ದೀರಲ್ಲ, ಜೇಡಿ ಜಾಸ್ತಿಯಾದ ಇಟ್ಟಿಗೆಯ ಗತಿಯೂ ಅದೇ. ಮರಳು ಮತ್ತು ಹರಳು ಮೂಳೆಯಿದ್ದಂತೆ, ಜೇಡಿ ಅವುಗಳನ್ನು ಹಿಡಿದಿಡುವ ನರ. ಒತ್ತಿ ಮಾಡುವ ಇಟ್ಟಿಗೆಗೆ ಒಪ್ಪುವ ಮಣ್ಣಿನಲ್ಲಿ ಸುಮಾರು 15% ಹರಳು, 50% ಮರಳು, 15% ಹೂಳು, 20% ಜೇಡಿ ಇದ್ದರೆ ಚೆನ್ನ. ಸ್ವಲ್ಪ ಆಚೀಚೆಯಾದರೆ ತೊಂದರೆಯಿಲ್ಲ. ಜೇಡಿ ಜಾಸ್ತಿಯಿದ್ದರೆ ಮರಳು ಸೇರಿಸಿ ಸರಿಮಾಡಬಹುದು.

ಮೇಲ್ಮಣ್ಣು ಮಾತ್ರ ಬೇಡ. ಕಪ್ಪಗೆ, ಬೇರು ಎಲೆಗಳ ಕೊಳೆ ಸೇರಿದ ಆ ಪದರ ಇಟ್ಟಿಗೆಯೊಳಗೂ ಕೊಳೆಯುತ್ತಲೇ ಇರುತ್ತದೆ, ಸಿಮೆಂಟ್ ಗಟ್ಟಿಯಾಗುವುದನ್ನೂ ತಡೆಯುತ್ತದೆ. ಅದನ್ನು ತೆಗೆದು ಒಂದು ಕಡೆ ಗುಡ್ಡೆ ಹಾಕಿ, ಗಿಡಗಳಿಗೆ ಬೇಕಾಗುತ್ತದೆ. ಬೇರುಗಳು ಮುಗಿದು ಬಣ್ಣ ಬದಲಾಗುವ ಆಳದಿಂದ ಕೆಳಗಿನದ್ದು ಇಟ್ಟಿಗೆಯ ಮಣ್ಣು.

ಒಂದು ಬಾಟಲಿ, ಒಂದು ಮರದ ಪೆಟ್ಟಿಗೆ

ಮಣ್ಣು ಹೇಗಿದೆ ಅಂತ ತಿಳಿಯಲು ಮೊದಲ ಹಂತದಲ್ಲಿ ಪ್ರಯೋಗಾಲಯ ಬೇಕಿಲ್ಲ. ನೇರ ಬದಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೂರನೇ ಒಂದು ಭಾಗ ಮಣ್ಣು ಹಾಕಿ, ಉಳಿದದ್ದಕ್ಕೆ ನೀರು ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ. ಮುಚ್ಚಳ ಬಿಗಿದು ಎರಡು ನಿಮಿಷ ಜೋರಾಗಿ ಅಲ್ಲಾಡಿಸಿ, ಅಲುಗದ ಜಾಗದಲ್ಲಿಡಿ.

ಈಗ ಸುಮ್ನೆ ನೋಡುತ್ತಾ ಕೂರಿ. ಬಾಟಲಿ ಕೆಳಗಿಟ್ಟ ಕೂಡಲೇ ತಳದಲ್ಲಿ ಹರಳು ಬಿದ್ದಾಗಿರುತ್ತದೆ. ಒಂದು ನಿಮಿಷದೊಳಗೆ ಅದರ ಮೇಲೆ ಮರಳು ಕೂರುತ್ತದೆ, ಒಂದೊಂದು ಕಣ ಬೇರೆಬೇರೆಯಾಗಿ ಕಾಣುತ್ತದೆ. ಅದರ ಮೇಲೆ ನಿಧಾನವಾಗಿ ಹೂಳಿನ ನುಣುಪು ಪಟ್ಟಿ ಮೂಡುತ್ತದೆ. ಇಷ್ಟಾದರೂ ನೀರು ಇನ್ನೂ ಚಹಾದ ಬಣ್ಣದಲ್ಲೇ ಇದ್ದರೆ ಅದು ಜೇಡಿ. ಜೇಡಿ ಕೂರಲು ಒಂದು ದಿನವೂ ಹಿಡಿಯಬಹುದು. ಮರುದಿನ ನೀರು ತಿಳಿಯಾದಾಗ ಸ್ಕೇಲ್ ಹಿಡಿದು ಪಟ್ಟಿಗಳ ಎತ್ತರ ಅಳೆಯಿರಿ. ಜೇಡಿ ನೀರಿನಲ್ಲಿ ಉಬ್ಬಿರುವುದರಿಂದ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ, ಅದು ನೆನಪಿರಲಿ.

ಎರಡನೆಯ ಪರೀಕ್ಷೆ ಕುಗ್ಗುವಿಕೆಯದು. 60 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಆಳದ ಮರದ ಪೆಟ್ಟಿಗೆ ಮಾಡಿಕೊಳ್ಳಿ. ಒಳಗೆ ಎಣ್ಣೆ ಸವರಿ. ತೇವ ಮಾಡಿದ ಮಣ್ಣನ್ನು ಮೂಲೆಗಳಿಗೂ ಒತ್ತಿ ತುಂಬಿ, ಮೇಲ್ಭಾಗ ಸವರಿ, ಬಿಸಿಲಿನಲ್ಲಿ ಮೂರು ದಿನ ಅಥವಾ ನೆರಳಿನಲ್ಲಿ ಒಂದು ವಾರ ಒಣಗಿಸಿ. ಒಣಗಿದ ಪಟ್ಟಿ ನಡುವೆ ಬಿರುಕು ಬಿಟ್ಟಿರುತ್ತದೆ. ತುಂಡುಗಳನ್ನೆಲ್ಲ ಒಂದು ತುದಿಗೆ ತಳ್ಳಿ, ಇನ್ನೊಂದು ತುದಿಯಲ್ಲಿ ಎಷ್ಟು ಜಾಗ ಖಾಲಿಯಾಯಿತು ಅಂತ ಅಳೆಯಿರಿ.

ಈ ಖಾಲಿ ಜಾಗವೇ ಎಷ್ಟು ಸಿಮೆಂಟ್ ಬೇಕು ಅಂತ ಹೇಳುತ್ತದೆ. ಕೈಯಂತ್ರದ ಇಟ್ಟಿಗೆಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: 15 ಮಿಲಿಮೀಟರ್‌ಗಿಂತ ಕಡಿಮೆ ಕುಗ್ಗಿದ್ದರೆ 18 ಅಳತೆ ಮಣ್ಣಿಗೆ 1 ಅಳತೆ ಸಿಮೆಂಟ್. 15ರಿಂದ 30 ಆದರೆ 16ಕ್ಕೆ 1. 30ರಿಂದ 45 ಆದರೆ 14ಕ್ಕೆ 1. 45ರಿಂದ 60 ಆದರೆ 12ಕ್ಕೆ 1. ಅದಕ್ಕೂ ಮೀರಿದರೆ ಮರಳು ಬೆರೆಸಿ ಮತ್ತೆ ಪೆಟ್ಟಿಗೆ ತುಂಬಿ. ಈ ಒಂದು ವಾರವನ್ನು ಉಳಿಸಲು ಹೋಗಬೇಡಿ. ಮನೆಯಲ್ಲಿ ಮಾಡಿದ ಇಟ್ಟಿಗೆ ಕೆಡುವುದಕ್ಕೆ ಮುಖ್ಯ ಕಾರಣವೇ ಮಣ್ಣನ್ನು ನೋಡದೆ ಸಿಮೆಂಟ್ ಸುರಿಯುವುದು.

ಒತ್ತಡ ಏನು ಮಾಡುತ್ತದೆ

ಅಗೆದು ತೆಗೆದ ಮಣ್ಣಿನಲ್ಲಿ ಕಣಗಳ ನಡುವೆ ಗಾಳಿಯೇ ಜಾಸ್ತಿ. ಅದನ್ನು ಒತ್ತಿದರೆ ಗಾಳಿ ಹೊರಹೋಗಿ ಕಣಗಳು ಹತ್ತಿರ ಬರುತ್ತವೆ. ಸಡಿಲ ಮಣ್ಣು ಘನ ಮೀಟರಿಗೆ ಸುಮಾರು 1,300 ಕೆಜಿ ತೂಗಿದರೆ, ಒತ್ತಿದ ಇಟ್ಟಿಗೆ 1,900 ಕೆಜಿಯ ಆಸುಪಾಸು ತೂಗುತ್ತದೆ. ಕಣಗಳು ಹತ್ತಿರವಾದಷ್ಟೂ ನೀರು ನುಗ್ಗಲು ದಾರಿ ಕಡಿಮೆ, ಅಂಟಿಸಲು ಬೇಕಾದ ಸಿಮೆಂಟೂ ಕಡಿಮೆ.

ಇದಕ್ಕೆಂದೇ 1950ರ ದಶಕದಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿದ್ದ ವಸತಿ ಸಂಶೋಧನಾ ಕೇಂದ್ರವೊಂದರಲ್ಲಿ ಚಿಲಿಯ ಎಂಜಿನಿಯರ್ ರೌಲ್ ರಮಿರೆಜ್ ಒಂದು ಕೈಯಂತ್ರ ಮಾಡಿದರು. ಕೇಂದ್ರದ ಹೆಸರು ಸಿನ್ವಾ, ಯಂತ್ರದ ಹೆಸರು ಸಿನ್ವಾ-ರಾಮ್. ಉಕ್ಕಿನ ಪೆಟ್ಟಿಗೆ, ಅದಕ್ಕೊಂದು ಮುಚ್ಚಳ, ಉದ್ದನೆಯ ಹಿಡಿ. ಮಣ್ಣು ತುಂಬಿ ಮುಚ್ಚಳ ಹಾಕಿ ಹಿಡಿಯನ್ನು ಜಗ್ಗಿದರೆ ಇಟ್ಟಿಗೆ ಒತ್ತಿಕೊಳ್ಳುತ್ತದೆ. ಹಿಡಿಯನ್ನು ಆ ಕಡೆಗೆ ತಿರುಗಿಸಿದರೆ ಇಟ್ಟಿಗೆ ಮೇಲೆದ್ದು ಬರುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ಹಾರೆಯಿಂದ ಬಂಡೆ ಮೀಟುವ ಉಪಾಯವೇ ಇದು: ಉದ್ದದ ತುದಿಯಲ್ಲಿ ಹಾಕಿದ ಸ್ವಲ್ಪ ಬಲ ಗಿಡ್ಡ ತುದಿಯಲ್ಲಿ ಹಲವು ಪಟ್ಟಾಗುತ್ತದೆ. ಇಂಥ ಕೈಯಂತ್ರಗಳು ಚದರ ಸೆಂಟಿಮೀಟರಿಗೆ ಸುಮಾರು 20 ಕೆಜಿ ಒತ್ತಡ ಕೊಡುತ್ತವೆ. ಇವತ್ತು ಜಗತ್ತಿನ ಹಲವು ದೇಶಗಳಲ್ಲಿ ಬಳಸುವ ಮಣ್ಣಿನ ಇಟ್ಟಿಗೆಯ ಯಂತ್ರಗಳಲ್ಲಿ ಅನೇಕವು ಇದೇ ದಾರಿಯಲ್ಲಿ ಬಂದವು. ಒಬ್ಬರೇ ಕೊಳ್ಳುವ ಬದಲು ನಾಲ್ಕು ಮನೆಯವರು ಸೇರಿ ಕೊಂಡರೆ ಅಥವಾ ಬಾಡಿಗೆಗೆ ತಂದರೆ ಯಂತ್ರದ ಖರ್ಚು ಹೊರೆಯಾಗುವುದಿಲ್ಲ.

ಇನ್ನು ಆ ಒಂದು ಹಿಡಿ ಸಿಮೆಂಟ್. ಅದು ನೀರಿನೊಂದಿಗೆ ಸೇರಿ ಮರಳಿನ ಕಣಗಳ ನಡುವೆ ಗಟ್ಟಿ ಜಾಲ ಹೆಣೆಯುತ್ತದೆ. ಆಮೇಲೆ ಮಳೆ ಬಿದ್ದರೂ ಆ ಜಾಲ ಬಿಡುವುದಿಲ್ಲ. ಮರಳು ಜಾಸ್ತಿಯಿರುವ ಮಣ್ಣಿಗೆ ಸಿಮೆಂಟ್ ಒಪ್ಪುತ್ತದೆ. ಜೇಡಿ ಜಾಸ್ತಿಯಿರುವ ಮಣ್ಣಿಗೆ ಸುಣ್ಣ ವಾಸಿ. ಯಾಕೆಂದರೆ ಸುಣ್ಣ ಜೇಡಿಯೊಂದಿಗೇ ನಿಧಾನವಾಗಿ ಬೆರೆತು ಹೊಸ ಅಂಟಾಗುತ್ತದೆ. ಆದರೆ ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು.

ಒಂದು ಗೋಡೆಯ ಲೆಕ್ಕ

4 ಮೀಟರ್ ಉದ್ದ, 2.5 ಮೀಟರ್ ಎತ್ತರದ, ಚಾವಣಿಯ ಭಾರ ಹೊರದ ಒಂದು ಒಳಗೋಡೆ ಅಂದುಕೊಳ್ಳಿ. 10 ಚದರ ಮೀಟರ್ ಆಯಿತು. ಇಟ್ಟಿಗೆ 29 ಸೆಂಟಿಮೀಟರ್ ಉದ್ದ, 14 ಅಗಲ, 9 ಎತ್ತರ. ಒಂದು ಸೆಂಟಿಮೀಟರ್ ಗಾರೆ ಸೇರಿಸಿದರೆ ಚದರ ಮೀಟರಿಗೆ 33 ಇಟ್ಟಿಗೆ ಹಿಡಿಯುತ್ತದೆ. ಇಡೀ ಗೋಡೆಗೆ 333, ಒಡೆಯುವುದನ್ನೂ ಸೇರಿಸಿ 350 ಅಂತಿಡೋಣ.

ಒಂದು ಇಟ್ಟಿಗೆ ಸುಮಾರು 7 ಕೆಜಿ. 350 ಇಟ್ಟಿಗೆಗೆ ಹತ್ತಿರ ಹತ್ತಿರ 2,450 ಕೆಜಿ. ತೂಕದಲ್ಲಿ 6% ಸಿಮೆಂಟ್ ಹಾಕಿದರೆ 147 ಕೆಜಿ, ಅಂದರೆ 50 ಕೆಜಿಯ ಮೂರು ಚೀಲ. ಉಳಿದ 2,300 ಕೆಜಿ ಮಣ್ಣು. ಗಾರೆಗೆ ಬೇಕಾಗುವ ಸಿಮೆಂಟ್ ಬೇರೆ. ನಿಮ್ಮ ಕಡೆ ಒಂದು ಸುಟ್ಟ ಇಟ್ಟಿಗೆಗೆ ಎಷ್ಟಿದೆ, ಒಂದು ಚೀಲ ಸಿಮೆಂಟಿಗೆ ಎಷ್ಟಿದೆ ಅಂತ ಹಾಕಿ ನೋಡಿದರೆ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಎರಡೂಕಾಲು ಟನ್ ಮಣ್ಣು ಅಗೆಯಬೇಕು, ಜರಡಿ ಹಿಡಿಯಬೇಕು, ಕಲಸಬೇಕು. ಹಿಡಿಯನ್ನು 350 ಸಲ ಜಗ್ಗಬೇಕು. ಪಳಗಿದ ನಾಲ್ಕೈದು ಜನ ಸೇರಿದರೆ ಒಂದೇ ದಿನದಲ್ಲಿ 300 ಇಟ್ಟಿಗೆ ತೆಗೆಯಬಹುದು. ಹೊಸಬರಿಗೆ ಮೊದಲ ದಿನ ಅದರ ಕಾಲುಭಾಗ ಆದರೂ ಸಾಕು. ಕೂಲಿ ಬಿಟ್ಟು ಕೆಲಸಕ್ಕೆ ಇಳಿಯುವವರು ಆ ದಿನಗಳನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು. ಮಣ್ಣನ್ನು ದೂರದಿಂದ ಲಾರಿಯಲ್ಲಿ ತರಿಸುವುದಾದರೆ ಉಳಿತಾಯದ ಬಹುಪಾಲು ಲಾರಿಯ ಪಾಲಾಗುತ್ತದೆ. ತಳಪಾಯಕ್ಕೋ ಇಂಗುಗುಂಡಿಗೋ ಹೇಗೂ ಅಗೆದ ಮಣ್ಣಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ಮಾತು. ಗೋಡೆ ಅಂದರೆ ಮನೆಯ ಒಂದು ಭಾಗ ಮಾತ್ರ. ತಳಪಾಯ, ಚಾವಣಿ, ಬಾಗಿಲು, ಕಿಟಕಿ, ವೈರಿಂಗ್, ನಲ್ಲಿ ಇವುಗಳ ಖರ್ಚು ಹಾಗೇ ಇರುತ್ತದೆ. ಗೋಡೆಯ ಸಾಮಾನಿನಲ್ಲಿ ಅರ್ಧ ಉಳಿಸಿದರೆ ಮನೆಯ ಖರ್ಚೇ ಅರ್ಧವಾಗುವುದಿಲ್ಲ.

ಕಲಸುವುದು, ಒತ್ತುವುದು, ಕಾಯುವುದು

ಮಣ್ಣು ಒಣಗಿರಲಿ, ಹೆಂಟೆಗಳನ್ನು ಪುಡಿ ಮಾಡಿ ಜರಡಿ ಹಿಡಿದಿರಲಿ. ಮೊದಲು ಒಣ ಮಣ್ಣಿಗೆ ಸಿಮೆಂಟ್ ಹಾಕಿ ಬಣ್ಣ ಒಂದೇ ಸಮ ಆಗುವ ತನಕ ಸಲಿಕೆಯಲ್ಲಿ ಮಗುಚಿ. ಆಮೇಲೆ ನೀರು ಚಿಮುಕಿಸಿ. ಸುರಿಯಬೇಡಿ.

ನೀರು ಎಷ್ಟು ಅನ್ನುವುದಕ್ಕೆ ಕೈಯೇ ಅಳತೆ. ಒಂದು ಹಿಡಿ ಮಣ್ಣನ್ನು ಬಿಗಿಯಾಗಿ ಉಂಡೆ ಕಟ್ಟಿ, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿಯಿದೆ. ಪುಡಿಪುಡಿಯಾಗಿ ಚೆದುರಿದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾಗಿ ಕೂತರೆ ಜಾಸ್ತಿಯಾಗಿದೆ. ದಿನಕ್ಕೆ ಹತ್ತು ಸಲ ಈ ಉಂಡೆ ಕಟ್ಟಿದರೂ ತಪ್ಪಿಲ್ಲ, ಬಿಸಿಲೇರಿದಂತೆ ಹದ ಬದಲಾಗುತ್ತಲೇ ಇರುತ್ತದೆ.

ನೀರು ತಾಗಿದ ಕ್ಷಣದಿಂದ ಸಿಮೆಂಟ್ ತನ್ನ ಕೆಲಸ ಶುರು ಮಾಡುತ್ತದೆ. ಹಾಗಾಗಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿ. ಪ್ರತಿ ಇಟ್ಟಿಗೆಗೂ ಒಂದೇ ಅಳತೆಯ ಮಣ್ಣು ತುಂಬಿ. ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆದರೆ ಎತ್ತರ ಒಂದೇ ಕಂಡರೂ ಗಟ್ಟಿತನ ಬೇರೆಬೇರೆ.

ಹೊರಬಂದ ಇಟ್ಟಿಗೆಯನ್ನು ನೆರಳಿನಲ್ಲಿ ಜೋಡಿಸಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಮರುದಿನದಿಂದ ನೀರು ಚಿಮುಕಿಸುತ್ತಾ ಕನಿಷ್ಠ ಎರಡು ವಾರ ತೇವ ಇಡಿ, ಒಟ್ಟು 28 ದಿನ ಬಿಡಿ. ಮೇಸ್ತ್ರಿಗಳು ಕ್ಯೂರಿಂಗ್ ಅನ್ನುವುದು ಇದಕ್ಕೇ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ನೀರನ್ನು ಕುಡಿದು. ಬಿಸಿಲಿಗೆ ಇಟ್ಟು ಬೇಗ ಒಣಗಿಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

28ನೇ ದಿನ ಒಂದು ಬಕೆಟ್ ನೀರು ತನ್ನಿ. ಒಂದು ಇಟ್ಟಿಗೆಯನ್ನು ಪೂರ್ತಿ ಮುಳುಗಿಸಿ ಒಂದು ದಿನ ಬಿಡಿ. ಪಕ್ಕದ ಬಕೆಟ್‌ನಲ್ಲಿ ಸಿಮೆಂಟಿಲ್ಲದೆ ಒತ್ತಿದ ಇಟ್ಟಿಗೆಯೊಂದನ್ನು ಇಟ್ಟರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅದರ ಅಂಚುಗಳು ಮೊದಲು ಗುಳ್ಳೆಯೇಳುತ್ತವೆ, ಮೂಲೆ ಜಾರುತ್ತದೆ, ಕೊನೆಗೆ ತಳದಲ್ಲಿ ಕೆಸರಿನ ದಿಬ್ಬ ಉಳಿಯುತ್ತದೆ. ಸರಿಯಾಗಿ ಮಾಡಿದ ಇಟ್ಟಿಗೆ ಮೂಲೆ ಚೂಪಾಗಿಯೇ ಹೊರಬರುತ್ತದೆ. ಆದರೂ ನೆನೆದಾಗ ಅದರ ಬಲ ಒಣಗಿದ್ದಾಗಿನ ಅರ್ಧಕ್ಕೆ ಇಳಿಯಬಹುದು. ಅದಕ್ಕೇ ಮುಂದಿನ ಮಾತು.

ಗೋಡೆಗೆ ಕೊಡೆ ಬೇಕು

ಮಣ್ಣಿನ ಗೋಡೆ ಬಾಳುವುದು ನೀರನ್ನು ದೂರ ಇಟ್ಟಾಗ. ಯೆಮೆನ್‌ನ ಶಿಬಾಮ್ ಪಟ್ಟಣದಲ್ಲಿ ಸುಡದ ಇಟ್ಟಿಗೆಯ ಹಲವು ಅಂತಸ್ತಿನ ಕಟ್ಟಡಗಳಿವೆ. ಪಟ್ಟಣದ ಇಂದಿನ ರೂಪ 16ನೇ ಶತಮಾನದಿಂದ ಬಂದದ್ದು. ಮಾಲಿ ದೇಶದ ಜೆನ್ನೆಯ ದೊಡ್ಡ ಮಸೀದಿಯೂ ಮಣ್ಣಿನದೇ. ಅಲ್ಲಿ ಊರವರೆಲ್ಲ ಸೇರಿ ವರ್ಷಕ್ಕೊಮ್ಮೆ ಗೋಡೆಗೆ ಹೊಸ ಮಣ್ಣು ಮೆತ್ತುತ್ತಾರೆ. ಇವು ನಿಂತಿರುವುದು ಒಣ ಹವೆಯಿಂದ ಮತ್ತು ಬಿಡದೆ ಮಾಡುವ ಆರೈಕೆಯಿಂದ.

ಮಳೆ ಜಾಸ್ತಿಯಿರುವ ಕಡೆ ಚಾವಣಿಯ ಅಂಚನ್ನು ಗೋಡೆಯಿಂದ ಎರಡಡಿಯಾದರೂ ಹೊರಗೆ ಚಾಚಿ. ನೆಲದಿಂದ ಮೊಣಕಾಲೆತ್ತರದವರೆಗೆ ಕಲ್ಲು ಅಥವಾ ಸುಟ್ಟ ಇಟ್ಟಿಗೆ ಇರಲಿ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದು ಅಲ್ಲಿಗೇ.

ಗಾರೆಯೂ ಇಟ್ಟಿಗೆಗೆ ಹೊಂದಬೇಕು. ಅದೇ ಮಣ್ಣಿಗೆ ಮರಳು ಬೆರೆಸಿ, ಇಟ್ಟಿಗೆಗಿಂತ ಸ್ವಲ್ಪ ಜಾಸ್ತಿ ಸಿಮೆಂಟ್ ಹಾಕಿದರೆ ಸಾಕು. ಸಿಮೆಂಟಿಲ್ಲದ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಮಣ್ಣು ಹವೆಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ, ಸಿಮೆಂಟ್ ಬಗ್ಗುವುದಿಲ್ಲ. ಬಿರುಕಿನಲ್ಲಿ ಹೋದ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ಗೋಡೆಯನ್ನು ಕರಗಿಸುತ್ತದೆ. ಒಂದು ದಿನ ಗಿಲಾವು ಹಾಳೆಯಂತೆ ಕಳಚಿ ಬಿದ್ದಾಗಲೇ ಒಳಗೆ ಏನಾಗಿದೆ ಅಂತ ಗೊತ್ತಾಗುವುದು. ಅಂಥ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಿಲಾವೇ ಸರಿ. ಮಣ್ಣಿನ ಗಿಲಾವಿಗೆ ಹುಲ್ಲಿನ ಚೂರು ಬೆರೆಸುವುದು ಬಿರುಕನ್ನು ಹಿಡಿದಿಡಲು.

ಸುಣ್ಣದ ನೀರು ಬಳಿಯುವುದು ಎಲ್ಲಕ್ಕಿಂತ ಅಗ್ಗದ ಬಣ್ಣ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿರುತ್ತದೆ. ಆ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ದಪ್ಪಗೆ ಒಂದು ಸಲ ಬಳಿದರೆ ಉದುರುತ್ತದೆ. ಹಾಲಿನಷ್ಟು ತೆಳುವಾಗಿ ನಾಲ್ಕೈದು ಸಲ ಬಳಿಯಿರಿ.

ಹಳೆಯ ಇಟ್ಟಿಗೆ

ಕೆಡವಿದ ಕಟ್ಟಡದ ಇಟ್ಟಿಗೆ ಸಿಕ್ಕರೆ ಮೊದಲು ಗಾರೆ ನೋಡಿ. ಸುಣ್ಣದ ಗಾರೆಯಾದರೆ ಕತ್ತಿಯ ಹಿಂಬದಿಯಿಂದ ತಟ್ಟಿದರೆ ಬಿಡುತ್ತದೆ, ಇಟ್ಟಿಗೆ ಹಾಗೇ ಉಳಿಯುತ್ತದೆ. ಸಿಮೆಂಟ್ ಗಾರೆ ಇಟ್ಟಿಗೆಗಿಂತ ಗಟ್ಟಿ, ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳನ್ನು ಮುಟ್ಟಬೇಡಿ. ಒಡೆದಾಗ ಏಳುವ ಎಳೆಗಳು ಉಸಿರಾಟದಲ್ಲಿ ಒಳಹೋದರೆ ಕ್ಯಾನ್ಸರ್ ತರುತ್ತವೆ.

ಎಲ್ಲಿ ಕೈ ಹಾಕಬಾರದು

ಚಾವಣಿಯ ಸ್ಲ್ಯಾಬ್, ತೊಲೆ, ಕಂಬ, ಮೇಲಂತಸ್ತು ಇವುಗಳನ್ನು ಅಂದಾಜಿನಲ್ಲಿ ಮಾಡಬಾರದು. ಮಣ್ಣಿನ ಗೋಡೆ ಮೇಲಿನಿಂದ ಬರುವ ಭಾರವನ್ನು ಹೊರುತ್ತದೆ, ಆದರೆ ಎಳೆತವನ್ನೂ ಅಲುಗಾಟವನ್ನೂ ತಾಳುವುದಿಲ್ಲ. 2003ರ ಡಿಸೆಂಬರ್ 26ರಂದು ಇರಾನಿನ ಬಾಮ್ ನಗರದಲ್ಲಿ ಭೂಕಂಪವಾದಾಗ ಶತಮಾನಗಳಿಂದ ನಿಂತಿದ್ದ ಮಣ್ಣಿನ ಕೋಟೆಯ ಬಹುಭಾಗ ಕುಸಿಯಿತು, ನಗರದಲ್ಲಿ ಸಾವಿರಾರು ಜನ ಸತ್ತರು. ಭೂಕಂಪದ ಭಯವಿರುವ ಕಡೆ ಗೋಡೆಯನ್ನು ಸುತ್ತ ಬಿಗಿಯುವ ಪಟ್ಟಿ, ಸರಳು ಎಲ್ಲೆಲ್ಲಿ ಬೇಕು ಅಂತ ಎಂಜಿನಿಯರ್ ಹೇಳಬೇಕು. ಭಾರ ಹೊರುವ ಯಾವುದೇ ಗೋಡೆಗೆ ಮೊದಲು ಇಟ್ಟಿಗೆಯನ್ನು ಪ್ರಯೋಗಾಲಯದಲ್ಲಿ ಒತ್ತಿ ನೋಡಿಸುವುದು ಕ್ಷೇಮ. ಕಟ್ಟಡದ ಅನುಮತಿಗೆ ಮಣ್ಣಿನ ಇಟ್ಟಿಗೆ ನಡೆಯುತ್ತದೆಯೇ ಅಂತಲೂ ಮೊದಲೇ ವಿಚಾರಿಸಿ.

ಮೈ ಬಗ್ಗೆಯೂ ಎಚ್ಚರ ಬೇಕು. ಒದ್ದೆ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಮತ್ತು ಸುಡುವಾಗ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಕೈಗವಸು, ಬೂಟು ಹಾಕಿಕೊಳ್ಳಿ. ಸುಟ್ಟ ಸುಣ್ಣವನ್ನು ಅರಳಿಸುವಾಗ ನೀರು ಕೊತಕೊತ ಕುದಿಯುತ್ತದೆ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು, ಮಕ್ಕಳು ಹತ್ತಿರ ಬರಬಾರದು. ಒಣ ಮಣ್ಣು ಜರಡಿ ಹಿಡಿಯುವಾಗ ಒಳ್ಳೆಯ ಮಾಸ್ಕ್ ಹಾಕಿ. ಮರಳಿನ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ.

ಮೊದಲ ಗೋಡೆ

ಮೊದಲ ಸಲಕ್ಕೆ ಮನೆ ಬೇಡ. ಸೊಂಟದೆತ್ತರದ ಕೈತೋಟದ ಗೋಡೆ ಸಾಕು, ನೂರೈವತ್ತು ಇಟ್ಟಿಗೆ. ಪ್ರತಿ ಇಟ್ಟಿಗೆಯ ಮೇಲೆ ಮಾಡಿದ ದಿನ ಮತ್ತು ಸಿಮೆಂಟಿನ ಅಳತೆ ಬರೆದಿಡಿ. ಬೇಕಂತಲೇ ಅರ್ಧ ಗೋಡೆಗೆ ಮೇಲೊಂದು ಮುಚ್ಚಿಗೆ ಹಾಕಿ, ಅರ್ಧ ಹಾಗೇ ಬಿಡಿ.

ಒಂದು ಮಳೆಗಾಲ ಕಳೆಯಲಿ. ಆಮೇಲೆ ಬುಡದ ಸಾಲನ್ನು, ಮೂಲೆಗಳನ್ನು, ಬಯಲಿಗೆ ಬಿಟ್ಟ ಮೇಲಿನ ಸಾಲನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಪುಡಿ ಅಂಟಿದ ಇಟ್ಟಿಗೆಯ ಮೇಲೆ ಯಾವ ಅಳತೆ ಬರೆದಿದೆ ಅಂತ ಓದಿ. ಮುಂದಿನ ಗೋಡೆಗೆ ಆ ಅಳತೆ ಬೇಡ.